ಬಾಡಿಗೆ ಮನೆ ನೋಡಲು ಹೋಗುವ ಮುಂಚೆ ಒಂದು ಮಾತು ಹೇಳೋಣ

(ಸ್ವಸಹಾಯ ಸಂಘಗಳ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ)



ನಮ್ಮ ಸಂಘಗಳಲ್ಲಿ ಬಾಡಿಗೆ ಮನೆಯಲ್ಲಿರುವವರೂ ಇದ್ದೇವೆ, ಸಾಲ ಮಾಡಿ ಹಿತ್ತಲಲ್ಲಿ ಎರಡು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಟ್ಟವರೂ ಇದ್ದೇವೆ. ಇವತ್ತಿನ ವಿಷಯ ಇಬ್ಬರಿಗೂ ಸೇರಿದ್ದು.

ಕಳೆದ ಮಳೆಗಾಲದಲ್ಲಿ ಒಂದು ಸಂಘದ ಸಭೆಗೆ ನಾವು ಹೋಗಿದ್ದಾಗ ಇಬ್ಬರು ಸದಸ್ಯೆಯರು ಮಾತು ಬಿಟ್ಟು ಕೂತಿದ್ದರು. ಒಬ್ಬರು ಮನೆಯ ಮಾಲೀಕರು, ಇನ್ನೊಬ್ಬರು ಅವರ ಬಾಡಿಗೆದಾರರು. ಗೋಡೆಗೆ ನೀರು ಇಳಿಯುವುದನ್ನು ನೋಡಲು ಮಾಲೀಕರು ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ತಮ್ಮ ಹತ್ತಿರವಿದ್ದ ಕೀಲಿಯಿಂದ ಬಾಗಿಲು ತೆಗೆದಿದ್ದರು. ಒಳಗೆ ಜ್ವರ ಬಂದ ಮಗಳು ಒಬ್ಬಳೇ ಮಲಗಿದ್ದಳು. ಹುಡುಗಿ ಹೆದರಿ ಕಿರುಚಿಕೊಂಡಳು.

"ನನ್ನ ಮನೆ ನಾನು ನೋಡ್ಬಾರ್ದಾ?" ಅಂತ ಇವರು. "ಬಾಡಿಗೆ ಕೊಡ್ತೀವಲ್ಲ, ನಮಗೆ ಮರ್ಯಾದೆ ಇಲ್ವಾ?" ಅಂತ ಅವರು. ಇಬ್ಬರ ಮಾತಿನಲ್ಲೂ ನ್ಯಾಯವಿತ್ತು. ಇಲ್ಲದೆ ಹೋದದ್ದು ಹಿಂದಿನ ದಿನವೇ ಹೇಳಬೇಕಾಗಿದ್ದ ಒಂದು ಮಾತು.

ಕೇಂದ್ರ ಸರ್ಕಾರ 2021ರಲ್ಲಿ ಮಾದರಿ ಬಾಡಿಗೆ ಕಾಯ್ದೆಯನ್ನು ಒಪ್ಪಿ ರಾಜ್ಯಗಳಿಗೆ ಕಳುಹಿಸಿತು. ರಾಜ್ಯವು ಅದನ್ನು ತನ್ನ ಕಾಯ್ದೆಯಾಗಿ ಮಾಡಿಕೊಂಡರೆ ಮಾತ್ರ ಅಲ್ಲಿ ಜಾರಿ. ಆದರೆ ಅದರಲ್ಲಿರುವ ಒಳ್ಳೆಯ ಕ್ರಮವನ್ನು ನಾವು ಕರಾರು ಪತ್ರದಲ್ಲಿ ಬರೆಸಿಕೊಳ್ಳಲು ಯಾರ ಅಡ್ಡಿಯೂ ಇಲ್ಲ. ಅದು ಹೇಳುವುದು ಇಷ್ಟು:

1. ರಿಪೇರಿಗೆ ಅಥವಾ ಮನೆಯ ಸ್ಥಿತಿ ನೋಡಲು ಬರುವುದಾದರೆ ಕನಿಷ್ಠ 24 ಗಂಟೆ ಮುಂಚೆ ಬರಹದಲ್ಲಿ ತಿಳಿಸಬೇಕು. ಮೊಬೈಲ್ ಸಂದೇಶವಾದರೂ ಆಗುತ್ತದೆ.
2. ಯಾಕೆ, ಯಾವ ದಿನ, ಎಷ್ಟು ಗಂಟೆಗೆ ಎಂದು ಅದರಲ್ಲಿರಬೇಕು.
3. ಸೂರ್ಯ ಹುಟ್ಟುವ ಮುಂಚೆ, ಮುಳುಗಿದ ಮೇಲೆ ಬರಬಾರದು.
4. ಬೆಂಕಿ, ನೆರೆಯಂಥ ತುರ್ತು ಇದ್ದರೆ ಮುಂಚೆ ತಿಳಿಸದೆಯೂ ಬರಬಹುದು.

ಚೀಟಿ ಬರೆಯುವುದು ಕಷ್ಟವಲ್ಲ. "ಬುಧವಾರ ಬೆಳಿಗ್ಗೆ 10 ಗಂಟೆಗೆ ಅಡುಗೆಮನೆ ಗೋಡೆಯ ಸೋರಿಕೆ ನೋಡಲು ಮೇಸ್ತ್ರಿಯೊಂದಿಗೆ ಬರುತ್ತೇವೆ. ಆ ಹೊತ್ತು ಆಗದಿದ್ದರೆ ಇವತ್ತೇ ತಿಳಿಸಿ." ಇಷ್ಟೇ ಸಾಕು. ತಾರೀಖು ಹಾಕಿ ಸಹಿ ಮಾಡಿ, ಒಂದು ಪ್ರತಿ ಇಟ್ಟುಕೊಳ್ಳಿ.

ಬಾಡಿಗೆಗೆ ಇರುವ ಸಹೋದರಿಯರೇ, ಚೀಟಿ ಬಂದ ಮೇಲೆ ಸುಮ್ಮನೆ ಬಾಗಿಲು ಹಾಕಿಕೊಳ್ಳುವುದು ಸರಿಯಲ್ಲ. ಕೆಲಸಕ್ಕೆ ಹೋಗುವ ಹೊತ್ತಾದರೆ ಬೇರೆ ಹೊತ್ತು ಕೇಳಿ. ನೀವು ಇದ್ದಾಗಲೇ ತೋರಿಸಿ. ನಲ್ಲಿ, ಗೋಡೆ, ವಯರಿಂಗ್ ಏನು ಹಾಳಾಗಿದೆ ಎಂದು ಅಲ್ಲೇ ಬರೆದು ಇಬ್ಬರೂ ಸಹಿ ಹಾಕಿ. ಮನೆ ಬಿಡುವಾಗ ಅಡ್ವಾನ್ಸ್ ಹಣದ ಜಗಳ ಶುರುವಾಗುವುದೇ "ಇದು ಯಾರು ಹಾಳು ಮಾಡಿದ್ದು?" ಎಂಬ ಮಾತಿನಿಂದ. ಆಗ ಈ ಕಾಗದ ನಿಮ್ಮ ಕೈ ಹಿಡಿಯುತ್ತದೆ.

ಆ ಇಬ್ಬರು ಸದಸ್ಯೆಯರು ಸಂಘದ ಎದುರೇ ಕರಾರಿಗೆ ನಾಲ್ಕು ಸಾಲು ಸೇರಿಸಿದರು. ಮಾಲೀಕರು ಹುಡುಗಿಯ ಹತ್ತಿರ ಹೋಗಿ, "ತಪ್ಪಾಯ್ತು ಮಗಾ" ಅಂದರು. ಗೋಡೆಯೂ ರಿಪೇರಿ ಆಯಿತು.

ಮುಂದಿನ ಸಭೆಗೆ ಬರುವಾಗ ನಿಮ್ಮ ನಿಮ್ಮ ಕರಾರು ಪತ್ರ ತನ್ನಿ. ಓದಲು ಬಾರದವರಿಗೆ ಓದಿ ಹೇಳೋಣ. ಕರಾರೇ ಇಲ್ಲದವರು ಹಾಗೇ ಬನ್ನಿ, ಕೂತು ಬರೆಯೋಣ.