ಪಾನೀಯಕ್ಕೂ ಬೇಕು ನಿಯಮ

(ಶಾಖಾಮಠದ ಸಭಾಭವನದಲ್ಲಿ ನೀಡಲಾದ ಉಪನ್ಯಾಸದ ಬರಹರೂಪ)



ಮಾಧ್ವ ಮನೆತನಗಳಲ್ಲಿ ಅನ್ನಕ್ಕೆ ನಿಯಮವುಂಟು. ಏಕಾದಶಿಯಂದು ಉಪವಾಸ, ದ್ವಾದಶಿಯಂದು ಪಾರಣೆ. ಚಾತುರ್ಮಾಸ್ಯದ ನಾಲ್ಕು ತಿಂಗಳುಗಳಲ್ಲಿ ಕ್ರಮವಾಗಿ ಶಾಕ, ದಧಿ, ಕ್ಷೀರ, ದ್ವಿದಳ ವ್ರತಗಳು. ಈರುಳ್ಳಿ ಬೆಳ್ಳುಳ್ಳಿಗಳನ್ನು ಅಡುಗೆಮನೆಯ ಹೊಸ್ತಿಲಾಚೆಗೇ ನಿಲ್ಲಿಸಿದ ಮನೆಗಳು ಮುಂಬಯಿಯಂತಹ ಮಹಾನಗರದಲ್ಲಿಯೂ ಇಂದಿಗೂ ಇವೆ. ಆದರೆ ಲೋಟಕ್ಕೆ ಅಂತಹ ನಿಯಮವಿಲ್ಲ. ಎಲೆಯ ಮೇಲೆ ಏನು ಬಡಿಸಲಾಯಿತು ಎಂಬುದನ್ನು ಲಕ್ಷ್ಯವಿಟ್ಟು ನೋಡುವವರು, ಬೆಳಗಿನಿಂದ ರಾತ್ರಿಯವರೆಗೆ ಏನೇನು ಕುಡಿದಾಯಿತು ಎಂಬುದನ್ನು ಎಣಿಸುವುದಿಲ್ಲ. ಏಕಾದಶಿಯಂದು ಅನ್ನವನ್ನು ಬಿಟ್ಟವರೂ ಐದಾರು ಸಲ ಕಾಫಿ ಸೇವಿಸುವುದುಂಟು. ಕುಡಿದದ್ದು ಆಹಾರದ ಲೆಕ್ಕಕ್ಕೆ ಸೇರದು ಎಂಬ ಭಾವನೆಯೇ ಇದಕ್ಕೆ ಕಾರಣ. ದೇಹವು ಮಾತ್ರ ಅದನ್ನು ತಪ್ಪದೆ ಲೆಕ್ಕಕ್ಕೆ ಹಿಡಿಯುತ್ತದೆ. ಮನೆಯ ಜಮಾಖರ್ಚೂ ಹಿಡಿಯುತ್ತದೆ.

ಮೊದಲು ಹಣದ ವಿಚಾರ. ನಾಲ್ವರ ಒಂದು ಕುಟುಂಬವನ್ನು ಉದಾಹರಣೆಯಾಗಿ ಇಟ್ಟುಕೊಳ್ಳಬಹುದು. ಮನೆಯ ಯಜಮಾನರು ತಿಂಗಳಿಗೆ 25 ದಿನ ಕಚೇರಿಗೆ ಹೋಗುವವರು. ದಾರಿಯಲ್ಲಿ 20 ರೂಪಾಯಿಯ ಒಂದು ಬಾಟಲಿ ನೀರು. ವರ್ಷಕ್ಕೆ 6,000 ರೂಪಾಯಿ. ಹೊರಗೆ 15 ರೂಪಾಯಿಯಂತೆ ದಿನಕ್ಕೆ ಎರಡು ಚಹಾ; ವರ್ಷಕ್ಕೆ 9,000 ರೂಪಾಯಿ. ಮಕ್ಕಳಿಗಾಗಿ ವಾರಕ್ಕೊಂದು 100 ರೂಪಾಯಿಯ ತಂಪು ಪಾನೀಯದ ದೊಡ್ಡ ಬಾಟಲಿ; 5,200 ರೂಪಾಯಿ. ವಾರಕ್ಕೊಂದು 120 ರೂಪಾಯಿಯ ಹಣ್ಣಿನ ರಸದ ಡಬ್ಬ, 6,240 ರೂಪಾಯಿ. ಒಟ್ಟು 26,440 ರೂಪಾಯಿ. ಇದರಲ್ಲಿ ಯಾವುದೂ ದುಂದುವೆಚ್ಚವೆಂದು ತೋರುವುದಿಲ್ಲ. ಹತ್ತು ಇಪ್ಪತ್ತರ ಲೆಕ್ಕದಲ್ಲಿ ಹೋಗುವ ಹಣ ಕಣ್ಣಿಗೆ ಕಾಣುವುದಿಲ್ಲ. ಹನಿಗೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಹೇಗೋ ವ್ಯಯಕ್ಕೂ ಹಾಗೆಯೇ ಸಲ್ಲುತ್ತದೆ. ಸಕ್ಕರೆ ಬೆರೆಸಿದ ತಂಪು ಪಾನೀಯಗಳ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಾರಿಯಲ್ಲಿರುವ ಜಿಎಸ್‌ಟಿ ಶೇಕಡಾ 40. ಹೀಗಾಗಿ ಕೊಟ್ಟ ಹಣದ ಒಂದು ದೊಡ್ಡ ಪಾಲು ಪಾನೀಯಕ್ಕಲ್ಲ, ತೆರಿಗೆಗೆ ಸಲ್ಲುತ್ತದೆ.

ಇನ್ನು ಆರೋಗ್ಯದ ವಿಚಾರ. ಒಂದು ಲೋಟ ಕಾಫಿಗೆ ಎರಡು ಚಹಾ ಚಮಚ ಸಕ್ಕರೆ ಎಂದರೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಲೋಟಕ್ಕೆ 40 ಗ್ರಾಂ. ವರ್ಷಕ್ಕೆ 14 ಕಿಲೋಗ್ರಾಂಗೂ ಹೆಚ್ಚು. ಇದು ಒಬ್ಬರದು ಮಾತ್ರ. ಕೋಲಾ ಬಗೆಯ 300 ಮಿಲಿಲೀಟರ್ ಪಾನೀಯದಲ್ಲಿ ಸುಮಾರು 32 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸೂಚನೆಯಂತೆ, ಆಹಾರಕ್ಕೆ ಬೆರೆಸುವ ಸಕ್ಕರೆಯಿಂದ ಬರುವ ಶಕ್ತಿಯು ದಿನದ ಒಟ್ಟು ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದು. ಇಪ್ಪತ್ತನೆಯ ಒಂದು ಭಾಗಕ್ಕೆ ಇಳಿದರೆ ಇನ್ನೂ ಹಿತ. 2,000 ಕ್ಯಾಲೊರಿ ಆಹಾರ ಸೇವಿಸುವವರಿಗೆ ಇವು ಕ್ರಮವಾಗಿ 50 ಗ್ರಾಂ ಮತ್ತು 25 ಗ್ರಾಂ ಆಗುತ್ತವೆ. ನಾಲ್ಕು ಕಾಫಿ ಕುಡಿದವರು ಊಟದ ಎಲೆಯ ಮುಂದೆ ಕೂರುವ ಮೊದಲೇ ಹಿತವಾದ ಮಿತಿಯನ್ನು ದಾಟಿರುತ್ತಾರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಹಯೋಗದಲ್ಲಿ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನವು, ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದೂ 13 ಕೋಟಿಗೂ ಹೆಚ್ಚು ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜಿಸಿತು. ಅಕ್ಕಿಯೇ ಪ್ರಧಾನವಾದ ಊಟ, ಕುಳಿತು ಮಾಡುವ ಉದ್ಯೋಗ, ಅದರ ಮೇಲೆ ಲೋಟಗಟ್ಟಲೆ ಸಿಹಿ. ಈ ಮೂರೂ ಕೂಡಿದ ಮನೆಗಳಿಗೆ ಈ ಅಂಕಿಸಂಖ್ಯೆ ದೂರದ ಮಾತಲ್ಲ. ತಿಂಗಳು ತಿಂಗಳೂ ಔಷಧಿಗೆ ತೆರುವ ಹಣವನ್ನು ಸೇರಿಸಿದರೆ ಮೇಲಿನ ಲೆಕ್ಕ ಇನ್ನಷ್ಟು ಬೆಳೆಯುತ್ತದೆ.

ಹಾಗಾದರೆ ಕಾಫಿಯನ್ನು ತೊರೆಯಬೇಕೆ? ಹಾಗೇನೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನನ್ನು ಮೀರಬಾರದೆಂದು ಹೇಳಿದೆ. 150 ಮಿಲಿಲೀಟರ್ ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ, ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ. ಎರಡು ಲೋಟ ಕಾಫಿ ಮಿತಿಯೊಳಗೇ ನಿಲ್ಲುತ್ತದೆ. ಊಟಕ್ಕೆ ಒಂದು ಗಂಟೆ ಮೊದಲು ಹಾಗೂ ಒಂದು ಗಂಟೆ ಅನಂತರ ಕಾಫಿ ಚಹಾಗಳು ಬೇಡವೆಂದೂ ಆ ಮಾರ್ಗಸೂಚಿ ತಿಳಿಸುತ್ತದೆ. ಅವುಗಳಲ್ಲಿರುವ ಟ್ಯಾನಿನ್ ಆಹಾರದ ಕಬ್ಬಿಣಾಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ಸಸ್ಯಾಹಾರಿ ಕುಟುಂಬಗಳ ಮಾತೆಯರು ಮತ್ತು ಹೆಣ್ಣುಮಕ್ಕಳು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಬಿಟ್ಟುದರ ಸ್ಥಾನದಲ್ಲಿ ಏನನ್ನು ಕುಡಿಯಬೇಕೆಂಬುದಕ್ಕೆ ಉತ್ತರ ಹಿರಿಯರ ಅಡುಗೆಮನೆಯಲ್ಲಿಯೇ ಇದೆ. ಮೊದಲನೆಯದು ನೀರು. ತಾನಸಾ, ವೈತರಣಾ, ಭಾತ್ಸಾ ಜಲಾಶಯಗಳ ನೀರು ಶುದ್ಧೀಕರಣಗೊಂಡು ಮುಂಬಯಿಯ ಮನೆಗಳ ನಲ್ಲಿಗೆ ಬರುತ್ತದೆ. ಅದನ್ನು ಕುದಿಸಿ ಆರಿಸಿ, ಸ್ಟೀಲಿನ ಬಾಟಲಿಯಲ್ಲಿ ತುಂಬಿ ಲೋಕಲ್ ರೈಲು ಹತ್ತಿದರೆ ಮೇಲೆ ಹೇಳಿದ 6,000 ರೂಪಾಯಿ ಉಳಿಯಿತು. ಎರಡನೆಯದು ಮಜ್ಜಿಗೆ. ಸುಮಾರು 30 ರೂಪಾಯಿಯ ಅರ್ಧ ಲೀಟರ್ ಹಾಲನ್ನು ಹೆಪ್ಪುಹಾಕಿ ಕಡೆದು ನೀರು ಬೆರೆಸಿದರೆ ಎರಡು ಲೀಟರ್ ಮಜ್ಜಿಗೆ, ಅಂದರೆ ಹತ್ತು ಲೋಟ. ಲೋಟಕ್ಕೆ ಮೂರು ರೂಪಾಯಿ. ಶುಂಠಿ, ಕರಿಬೇವು, ಚಿಟಿಕೆ ಇಂಗು ಸಾಕು. ರಕ್ತದೊತ್ತಡ ಉಳ್ಳವರು ಉಪ್ಪನ್ನು ಮಿತಗೊಳಿಸಬೇಕು. ದಧಿವ್ರತದ ಮಾಸದಲ್ಲಿ ಅವರವರ ಮಠದ ಸಂಪ್ರದಾಯವೇ ಪ್ರಮಾಣ. ಮೂರನೆಯದು ಉಡುಪಿಯವರ ಪುನರ್ಪುಳಿ, ಉತ್ತರ ಕನ್ನಡದವರ ಮುರುಗಲು, ಮುಂಬಯಿಯ ಕೋಕಂ. ಹೆಸರು ಮೂರು, ಹಣ್ಣು ಒಂದೇ. ಅಂಗಡಿಯ ಕೋಕಂ ಷರಬತ್ತಿನಲ್ಲಿ ಸಕ್ಕರೆಯೇ ಹೆಚ್ಚು. ಒಣಸಿಪ್ಪೆಯನ್ನು ನೆನೆಸಿ, ಹಿಂಡಿ, ಜೀರಿಗೆ ಸೇರಿಸಿದರೆ ಸಕ್ಕರೆಯಿಲ್ಲದೆಯೇ ರುಚಿ ಬರುತ್ತದೆ. ಸಂಜೆಯ ಎರಡನೆಯ ಚಹಾದ ಬದಲಿಗೆ ಕೊತ್ತಂಬರಿ ಜೀರಿಗೆಯ ಕಷಾಯವಿದೆ.

ಇಲ್ಲಿ ಎರಡು ಎಚ್ಚರಿಕೆಗಳು ಅಗತ್ಯ. ಬೆಲ್ಲವೂ ಮುಖ್ಯವಾಗಿ ಸಕ್ಕರೆಯೇ. ರಾಮನವಮಿಯ ಪಾನಕ ವರ್ಷಕ್ಕೊಮ್ಮೆ ಪ್ರಸಾದರೂಪದಲ್ಲಿ ಸ್ವೀಕರಿಸುವಂಥದ್ದು. ಅದನ್ನು ನಿತ್ಯಪಾನವಾಗಿಸಿಕೊಂಡರೆ ಮಧುಮೇಹಿಗಳಿಗೆ ಅಪಾಯ ತಪ್ಪದು. ಎಳನೀರು ಉತ್ತಮವಾದರೂ ಅದರಲ್ಲಿ ಪೊಟ್ಯಾಸಿಯಂ ಅಧಿಕ. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳದೆ ಸೇವಿಸಬಾರದು.

ಅತಿಥಿಗಳಿಗೆ ಕಾಫಿ ಕೊಡದೆ ಕಳುಹಿಸುವುದು ಹೇಗೆ ಎಂಬ ಸಂಕೋಚ ಗೃಹಿಣಿಯರಲ್ಲಿ ಸಹಜ. ಅತಿಥಿಸತ್ಕಾರದ ಹಿರಿಮೆ ಇರುವುದು ಆದರದಲ್ಲಿ, ಸಕ್ಕರೆಯ ಪ್ರಮಾಣದಲ್ಲಲ್ಲ. "ಮಜ್ಜಿಗೆ ಕೊಡಲೇ, ಕಾಫಿ ಕೊಡಲೇ? ಸಕ್ಕರೆ ಎಷ್ಟು ಹಾಕಲಿ?" ಎಂದು ಮೊದಲೇ ಕೇಳುವುದರಿಂದ ಬಂದವರಿಗೆ ಅಗೌರವವಾಗದು. ಬೇಡವೆನ್ನಲಾರದೆ ದಿನಕ್ಕೆ ನಾಲ್ಕು ಮನೆಗಳಲ್ಲಿ ಸಿಹಿ ಕಾಫಿ ಕುಡಿಯುವ ಹಿರಿಯರಿಗೆ ಅದೇ ದೊಡ್ಡ ಉಪಕಾರ.

ಒಂದು ತಿಂಗಳು ತರಕಾರಿ, ಒಂದು ತಿಂಗಳು ಮೊಸರು, ಒಂದು ತಿಂಗಳು ಹಾಲು, ಒಂದು ತಿಂಗಳು ಬೇಳೆ ಬಿಟ್ಟು ನಡೆಯುವ ಅಭ್ಯಾಸವಿರುವವರಿಗೆ ಒಂದು ಚಮಚ ಸಕ್ಕರೆ ಬಿಡುವುದು ಅಸಾಧ್ಯವೇನಲ್ಲ. ಮೊದಲ ತಿಂಗಳು ಪ್ರತಿ ಲೋಟಕ್ಕೆ ಅರ್ಧ ಚಮಚ ಕಡಿಮೆ, ಎರಡನೆಯ ತಿಂಗಳು ಇನ್ನರ್ಧ. ಮೂರನೆಯ ತಿಂಗಳು ಹೊರಗಿನ ಬಾಟಲಿ ಬಂದ್. ನಾಲ್ಕನೆಯ ತಿಂಗಳು ಎರಡೇ ಕಾಫಿ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನಡೆದರೆ ನಾಲಿಗೆ ತಾನಾಗಿ ಒಗ್ಗಿಕೊಳ್ಳುತ್ತದೆ. ಉಳಿದ ಹಣವನ್ನು ಬೇರೆಯಾಗಿ ತೆಗೆದಿಟ್ಟು, ಮನೆಯ ಹಿರಿಯರ ವಾರ್ಷಿಕ ರಕ್ತಪರೀಕ್ಷೆಗೋ ಆರೋಗ್ಯವಿಮೆಯ ಕಂತಿಗೋ ವಿನಿಯೋಗಿಸಿದರೆ, ಬಿಟ್ಟದ್ದು ವ್ಯರ್ಥವಾಗಲಿಲ್ಲವೆಂಬುದು ಮಕ್ಕಳಿಗೂ ಕಣ್ಣಾರೆ ತಿಳಿಯುತ್ತದೆ. ಸಾಧನೆಗೆ ಶರೀರವೇ ಉಪಕರಣ. ಅದನ್ನು ಕೆಡದಂತೆ ಕಾಪಾಡಿಕೊಳ್ಳುವುದು ಗೃಹಸ್ಥರ ಕರ್ತವ್ಯಗಳಲ್ಲಿ ಒಂದು.

ಶ್ರೀಕೃಷ್ಣಾರ್ಪಣಮಸ್ತು.