ಕೊರಿಯನ್ ಹಾಡು ಅಮೆರಿಕದ ಪಟ್ಟಿಯ ತುದಿ ಮುಟ್ಟಿದ್ದು ಹೇಗೆ?

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಲ್ಲಿ ಬಿಟಿಎಸ್ ಹಾಡು ಕೇಳುವವರು ಎಷ್ಟು ಜನ? ಕೈ ಎತ್ತಿ. ನಾಚಿಕೆ ಬೇಡ. ಕನ್ನಡದ ಸಭೆಗೆ ಬಂದವರು ಕೊರಿಯಾದ ಹಾಡು ಕೇಳಬಾರದು ಅಂತ ಯಾರೂ ಕಾನೂನು ಮಾಡಿಲ್ಲ. ಸರಿ, ಕೈ ಇಳಿಸಿ. ಇನ್ನೊಂದು ಪ್ರಶ್ನೆ. ಮೊದಲು ಕೊರಿಯನ್ ಕಲಿತು, ಆಮೇಲೆ ಅವರ ಹಾಡು ಕೇಳಿದವರು ಯಾರಾದರೂ ಇದ್ದೀರಾ? ಒಂದು ಕೈಯೂ ಏಳಲಿಲ್ಲ. ನನ್ನ ಮಾತು ಶುರುವಾಗುವುದು ಇಲ್ಲಿಂದಲೇ.

2018ರ ಮೇ 18ರಂದು ಈ ಏಳು ಹುಡುಗರ ‘ಲವ್ ಯುವರ್‌ಸೆಲ್ಫ್: ಟಿಯರ್’ ಆಲ್ಬಂ ಹೊರಬಂತು. ಹನ್ನೊಂದು ಹಾಡು. ಹೆಸರು ಇಂಗ್ಲಿಷ್, ಅಲ್ಲಲ್ಲಿ ಇಂಗ್ಲಿಷ್ ಸಾಲುಗಳೂ ಉಂಟು. ಆದರೆ ಒಡಲು ಕೊರಿಯನ್. ಮೊದಲ ವಾರ ಅಮೆರಿಕದಲ್ಲಿ ಇದರ ಲೆಕ್ಕ 1,35,000. ಅದರಲ್ಲಿ ಒಂದು ಲಕ್ಷದಷ್ಟು ಕಾಸು ಕೊಟ್ಟು ಕೊಂಡ ಆಲ್ಬಂ ಪ್ರತಿಗಳೇ. ‘ಬಿಲ್‌ಬೋರ್ಡ್ 200’ ಪಟ್ಟಿಯಲ್ಲಿ ಮೊದಲ ಸ್ಥಾನ! ಕೊರಿಯಾದ ಯಾವ ತಂಡವೂ ಅಲ್ಲಿಯವರೆಗೆ ಆ ಜಾಗ ಕಂಡಿರಲಿಲ್ಲ. ಇಂಗ್ಲಿಷಲ್ಲದ ಭಾಷೆಯ ಆಲ್ಬಂ ಒಂದು ಅಲ್ಲಿ ಮೇಲೇರಿ ಹನ್ನೆರಡು ವರ್ಷ ದಾಟಿತ್ತು. ಬ್ರಿಟನ್ನಿನ ಪಟ್ಟಿಯಲ್ಲೂ ಇದು ಎಂಟನೆಯ ಸ್ಥಾನಕ್ಕೆ ಬಂತು.

ಅದಕ್ಕೂ ಮೊದಲು ಏನಾಗಿತ್ತು? ‘ವಂಡರ್ ಗರ್ಲ್ಸ್’ ಎಂಬ ಕೊರಿಯಾದ ಹುಡುಗಿಯರ ತಂಡ 2009ರಲ್ಲಿ ತಮ್ಮ ‘ನೋಬಡಿ’ ಹಾಡನ್ನು ಇಂಗ್ಲಿಷಿನಲ್ಲಿ ಹಾಡಿಕೊಂಡು ಅಮೆರಿಕಕ್ಕೆ ಹೋಯಿತು. ಅಲ್ಲಿನ ಹಾಡುಗಳ ಪಟ್ಟಿಯಲ್ಲಿ ಸಿಕ್ಕಿದ್ದು 76ನೆಯ ಸ್ಥಾನ. 2012ರಲ್ಲಿ ಸೈ ಅವರ ‘ಗಂಗ್ನಮ್ ಸ್ಟೈಲ್’ ಕೊರಿಯನ್‌ನಲ್ಲೇ ಎರಡನೆಯ ಸ್ಥಾನ ಮುಟ್ಟಿತು. ಲೋಕವೆಲ್ಲ ಕುದುರೆ ಕುಣಿತ ಕುಣಿಯಿತು, ನಕ್ಕಿತು. ಹಾಡಿನ ಅರ್ಥ ಕೇಳಿದವರು ಎಷ್ಟು ಜನ?

ಬಿಟಿಎಸ್ ವಿಷಯದಲ್ಲಿ ಅಭಿಮಾನಿಗಳು ಅರ್ಥ ಕೇಳಿದರು. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ವಿಷಯ. ಹಾಡು ಬಂದ ಕೆಲವೇ ಗಂಟೆಗಳಲ್ಲಿ ಕೊರಿಯನ್ ಬಲ್ಲ ಅಭಿಮಾನಿಗಳು ಕೂತು ಅದನ್ನು ಹಲವು ಭಾಷೆಗಳಿಗೆ ತರುತ್ತಿದ್ದರು. ಯಾರ ಸಂಬಳವೂ ಇಲ್ಲ, ಯಾರ ಅಪ್ಪಣೆಯೂ ಇಲ್ಲ. ಬರಿಯ ಪದಕ್ಕೆ ಪದ ಇಟ್ಟು ಸುಮ್ಮನಾಗಲಿಲ್ಲ. ಇಲ್ಲಿ ಶ್ಲೇಷೆ ಇದೆ, ಇದು ಇಂಥ ಊರಿನ ಮಾತು ಎಂದು ಬಿಡಿಸಿ ಹೇಳಿದರು. ಹಾಗೆ ಅರ್ಥ ತಿಳಿದವರಲ್ಲಿ ಎಷ್ಟೋ ಮಂದಿ ಕೊರಿಯನ್ ಅಕ್ಷರ ತಿದ್ದಲು ಕೂತರು. 2020ರಲ್ಲಿ ತಂಡದ ಕಂಪನಿಯೇ ಕೊರಿಯನ್ ಕಲಿಸುವ ಪಾಠಗಳನ್ನು ಹೊರತಂದಿತು. ಮೊದಲು ಹಾಡು, ಆಮೇಲೆ ಅರ್ಥ, ಆಮೇಲೆ ಅಕ್ಷರ.

ಈ ಹುಡುಗರ ಊರುಗಳನ್ನೂ ನೋಡಿ. ದೇಗು, ಬುಸಾನ್, ಗ್ವಾಂಗ್ಜು. ಹೆಚ್ಚಿನವರು ರಾಜಧಾನಿ ಸೋಲ್‌ನ ನಯವಾದ ಮಾತಿನವರಲ್ಲ. 2013ರಲ್ಲಿ, ಇನ್ನೂ ಯಾರೂ ಮೂಸಿ ನೋಡದ ಕಾಲದಲ್ಲಿ, ತಮ್ಮ ತಮ್ಮ ಸೀಮೆಯ ಆಡುಮಾತುಗಳನ್ನೇ ಜಗಳಕ್ಕೆ ಬಿಟ್ಟು ಒಂದು ಹಾಡು ಮಾಡಿದರು. ಮನೆಯ ಮಾತಿಗೆ ಅಂಜದವರು ಹೊರಗಿನವರ ಮುಂದೆಯೂ ಅಂಜಲಿಲ್ಲ.

ಆ ಭಾಷೆ ಪಟ್ಟ ಪಾಡು ಗೊತ್ತೇ? 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಕೈಯಲ್ಲಿತ್ತು. ಕೊನೆಯ ವರ್ಷಗಳಲ್ಲಿ ಶಾಲೆಗಳಿಂದ ಕೊರಿಯನ್ ಭಾಷೆಯನ್ನೇ ಹೊರಗೆ ಹಾಕಿದರು. 1942ರಲ್ಲಿ ನಿಘಂಟು ಮಾಡುತ್ತಿದ್ದ ಪಂಡಿತರನ್ನು ಹಿಡಿದು ಜೈಲಿಗೆ ಹಾಕಿದರು. ಇಬ್ಬರು ಜೈಲಿನಲ್ಲೇ ಸತ್ತರು. ನಿಘಂಟು ಬರೆದದ್ದೇ ಅಪರಾಧವಾಗಿದ್ದ ಭಾಷೆ ಅದು!

ಹಾಗಂತ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುವುದು ಬೇಡ. ‘ಟಿಯರ್’ ಆಲ್ಬಮ್ಮನ್ನು ನಾಲ್ಕು ಬಗೆಯ ಹೊದಿಕೆಯಲ್ಲಿ, ಒಳಗೆ ಫೋಟೊ ಕಾರ್ಡ್ ಇಟ್ಟು ಮಾರಿದರು. ಒಬ್ಬನೇ ನಾಲ್ಕು ಕೊಳ್ಳಲಿ ಎಂಬ ವ್ಯಾಪಾರ ಅದು. ಅಮೆರಿಕದ ರೇಡಿಯೊಗಳು ಕೊರಿಯನ್ ಹಾಡಿಗೆ ಬಾಗಿಲು ತೆರೆಯಲು ಹಿಂದೆಮುಂದೆ ನೋಡಿದವು. ಆಲ್ಬಂ ಮೊದಲ ಸ್ಥಾನದಲ್ಲಿದ್ದರೂ ಅದರ ‘ಫೇಕ್ ಲವ್’ ಹಾಡು ಹತ್ತನೆಯ ಸ್ಥಾನಕ್ಕೇ ನಿಂತಿತು. 2020ರಲ್ಲಿ ‘ಡೈನಮೈಟ್’ ಎಂಬ ಹಾಡನ್ನು ಪೂರ್ತಿ ಇಂಗ್ಲಿಷಿನಲ್ಲಿ ಹಾಡಿದರು. ಹಾಡುಗಳ ಪಟ್ಟಿಯಲ್ಲಿ ಅವರಿಗೆ ಮೊದಲ ಸ್ಥಾನ ಸಿಕ್ಕಿದ್ದು ಆಗಲೇ. ಇದನ್ನು ಮುಚ್ಚಿಟ್ಟು ಮಾತಾಡಿದರೆ ನಾನು ನಿಮಗೆ ಸುಳ್ಳು ಹೇಳಿದಂತೆ. ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಅದೇ ವರ್ಷದ ಕೊನೆಗೆ ‘ಲೈಫ್ ಗೋಸ್ ಆನ್’ ಬಂತು. ಬಹುಪಾಲು ಕೊರಿಯನ್. ನೇರವಾಗಿ ಮೊದಲ ಸ್ಥಾನಕ್ಕೇ ಇಳಿಯಿತು. ರೇಡಿಯೊ ಆಗಲೂ ಹೆಚ್ಚು ಕೈ ಹಿಡಿಯಲಿಲ್ಲ. ಹಿಡಿದದ್ದು ಕೇಳುಗರು.

ಗೆಳೆಯರೆ, ನಮ್ಮಲ್ಲಿ ಇಬ್ಬರು ಬಗೆಯವರಿದ್ದಾರೆ. ಒಬ್ಬರು, ‘ಇಂಗ್ಲಿಷ್ ಇಲ್ಲದೆ ಹೊರಗೆ ನಡೆಯೊಲ್ಲ’ ಅನ್ನುತ್ತಾರೆ. ಅವರಿಗೆ ‘ಟಿಯರ್’ ಆಲ್ಬಂ ತೋರಿಸಿ. ಇನ್ನೊಬ್ಬರು, ‘ನಮ್ಮ ಭಾಷೆ ಶ್ರೇಷ್ಠ, ಬೇಕಾದವರು ಕಲಿತು ಬರಲಿ’ ಅನ್ನುತ್ತಾರೆ. ಅವರಿಗೆ ಆ ರಾತ್ರಿಯೆಲ್ಲ ಕೂತು ಅರ್ಥ ಬರೆದವರನ್ನು ತೋರಿಸಿ. ಹಾಡಿದವರು ಏಳು ಜನ. ಹೊತ್ತು ದಾಟಿಸಿದವರು ಸಾವಿರಾರು ಜನ.

ಆದ್ದರಿಂದ ನಿಮಗೆ ಒಂದು ಸಣ್ಣ ಕೆಲಸ. ನಿಮ್ಮ ಆಫೀಸಿನಲ್ಲಿ, ಹಾಸ್ಟೆಲಿನಲ್ಲಿ ಕನ್ನಡ ಬಾರದ ಗೆಳೆಯರು ಇದ್ದೇ ಇರುತ್ತಾರೆ. ನಿಮಗೆ ಇಷ್ಟವಾದ ಒಂದು ಕನ್ನಡ ಹಾಡು ಕೇಳಿಸಿ. ‘ಇದೇನು?’ ಅಂತ ಕೇಳಿದರೆ ‘ಬಿಡು, ನಿನಗೆ ಅರ್ಥವಾಗೊಲ್ಲ’ ಅನ್ನಬೇಡಿ. ಕೂತು ಹೇಳಿ.