ಪರದೇಶ ಬಿಡುವ ಮುನ್ನ ತೀರಬೇಕಾದ ಲೆಕ್ಕ

ಕರವನ್ನು ವಸೂಲು ಮಾಡುವ ಕೈ ಕರೆಯದೆಯೇ ಬರುತ್ತದೆ. ದುಡಿದವನ ಮನೆಗೆ ಸಂಬಳ ತಲುಪುವ ಮೊದಲೇ ತನ್ನ ಪಾಲನ್ನು ಎತ್ತಿಟ್ಟುಕೊಂಡಿರುತ್ತದೆ. ಹೆಚ್ಚಾಗಿ ಹಿಡಿದದ್ದನ್ನು ಹಿಂದಿರುಗಿಸುವ ಕೈಯಾದರೋ ಅರ್ಜಿ ಬರೆದು, ದಾಖಲೆ ಲಗತ್ತಿಸಿ, ಗೊತ್ತಾದ ಅವಧಿಯೊಳಗೆ ಕರೆದರೆ ಮಾತ್ರ ಚಾಚುತ್ತದೆ. ತನ್ನ ನಾಡಿನಲ್ಲೇ ನೆಲೆಸಿರುವವನಿಗೆ ಇದು ದೊಡ್ಡ ತೊಡಕೇನೂ ಆಗಲಾರದು. ಕಚೇರಿ ಎಲ್ಲಿದೆಯೆಂದು ಅವನು ಬಲ್ಲ. ಅಲ್ಲಿನ ಗುಮಾಸ್ತೆಯ ಮಾತು ಅವನಿಗೆ ತಿಳಿಯುತ್ತದೆ. ಇಂದು ಆಗದಿದ್ದರೆ ನಾಳೆ ಹೋದರಾಯಿತು. ನಾಲ್ಕಾರು ವರ್ಷ ದುಡಿಯಲೆಂದು ಪರದೇಶಕ್ಕೆ ಹೋಗಿ ಮರಳುವವನ ಸ್ಥಿತಿ ಹಾಗಲ್ಲ. ವಿಮಾನವೇರಿದ ದಿನವೇ ಆ ದೇಶದಲ್ಲಿ ಅವನ ವಿಳಾಸ ಇಲ್ಲವಾಗುತ್ತದೆ. ಬ್ಯಾಂಕಿನ ಖಾತೆಯೂ ಬಹುಶಃ ಮುಚ್ಚಿರುತ್ತದೆ. ಅವನ ಬೆವರಿನ ಒಂದಂಶ ಮಾತ್ರ ಅಲ್ಲಿಯ ಬೊಕ್ಕಸದಲ್ಲಿ ಉಳಿದುಬಿಡುತ್ತದೆ.

ಇಂಥ ಹಣವನ್ನು ಮರಳಿ ಪಡೆಯುವ ಬಗೆಯನ್ನು ವಿವರಿಸಲು ಜಪಾನ್ ದೇಶದ ಉದಾಹರಣೆಯನ್ನು ಆರಿಸಿಕೊಂಡಿದ್ದೇನೆ. ನಮ್ಮ ಬೆಂಗಳೂರಿನ ತಂತ್ರಜ್ಞರು ಅಲ್ಲಿಗೆ ಹೋಗಿಬರುವುದು ಈಗ ಹೊಸ ಸಂಗತಿಯಲ್ಲ. ಅಲ್ಲದೆ ಹೊರಡುವ ಕೆಲಸಗಾರನಿಗೆ ಹಣ ಹಿಂದಿರುಗಿಸುವ ವ್ಯವಸ್ಥೆಯನ್ನು ಆ ದೇಶ ವಿವರವಾಗಿಯೇ ರೂಪಿಸಿದೆ. ಆದರೆ ಆ ವಿವರಗಳನ್ನು ಕೆಲಸಗಾರನ ಬಳಿಗೆ ತಂದು ಹೇಳುವವರು ವಿರಳ.

ಮೊದಲು ಆದಾಯ ತೆರಿಗೆಯನ್ನು ನೋಡೋಣ. ಅಲ್ಲಿಯ ಕರವರ್ಷ ಜನವರಿಯಿಂದ ಡಿಸೆಂಬರಿನವರೆಗೆ. ಪ್ರತಿ ತಿಂಗಳೂ ಸಂಬಳದಿಂದ ಹಿಡಿಯುವ ತೆರಿಗೆಯನ್ನು, ಅದೇ ಸಂಬಳ ಹನ್ನೆರಡು ತಿಂಗಳೂ ಬರುವುದೆಂಬ ಎಣಿಕೆಯ ಮೇಲೆ ಗೊತ್ತುಪಡಿಸಿರುತ್ತಾರೆ. ಜುಲೈಯಲ್ಲಿ ಕೆಲಸ ಮುಗಿಸಿ ಹೊರಡುವವನಿಗೆ ವರ್ಷದ ಆದಾಯವೇ ಅರ್ಧವಾಗುವುದರಿಂದ, ಹಿಡಿದ ತೆರಿಗೆ ಸಾಮಾನ್ಯವಾಗಿ ಹೆಚ್ಚಾಗಿಯೇ ಇರುತ್ತದೆ. ದೇಶ ಬಿಟ್ಟು ಅನಿವಾಸಿಯಾಗುವ ನೌಕರನ ಲೆಕ್ಕವನ್ನು ಹೊರಡುವ ಹೊತ್ತಿಗೆ ಸರಿಪಡಿಸಿ, ಹೆಚ್ಚಿನದನ್ನು ಹಿಂದಿರುಗಿಸುವುದು ಮಾಲೀಕನ ಹೊಣೆ. ‘ನಾನು ದೇಶ ಬಿಟ್ಟು ಹೋಗುತ್ತಿದ್ದೇನೆ’ ಎಂದು ಮಾಲೀಕನಿಗೆ ಮುಂಚಿತವಾಗಿ ತಿಳಿಸಬೇಕು. ಸಂಬಳ ಮತ್ತು ಹಿಡಿದ ತೆರಿಗೆಯನ್ನು ನಮೂದಿಸಿದ ಗೆನ್ಸೆನ್ ಚೋಶೂಹ್ಯೋ ಎಂಬ ಚೀಟಿಯನ್ನು ಕೇಳಿ ಪಡೆಯಬೇಕು.

ಇಲ್ಲಿಯೇ ಸೇರಿಸಬೇಕಾದ ಇನ್ನೊಂದು ಮಾತು ಊರಿನಲ್ಲಿರುವ ಅವಲಂಬಿತರದು. ತಂದೆತಾಯಿಗಳನ್ನು ಸಾಕುತ್ತಿರುವವನಿಗೆ ಜಪಾನ್ ತೆರಿಗೆಯಲ್ಲಿ ವಿನಾಯಿತಿ ಕೊಡುತ್ತದೆ. ಅವರು ಜಪಾನಿನಲ್ಲೇ ಇರಬೇಕೆಂಬ ನಿರ್ಬಂಧವಿಲ್ಲ. ಆದರೆ ಸಂಬಂಧವನ್ನು ತೋರಿಸುವ ಪತ್ರ, ಹಣ ಕಳುಹಿಸಿದ ರಸೀತಿ, ಇವೆರಡೂ ಬೇಕು. ಜಪಾನೀ ಭಾಷೆಯ ಅನುವಾದವೂ ಜೊತೆಗಿರಬೇಕು. 2023ರಿಂದ ನಿಯಮ ಇನ್ನಷ್ಟು ಬಿಗಿಯಾಗಿದೆ. ಅವಲಂಬಿತರ ವಯಸ್ಸು 30ರಿಂದ 69ರೊಳಗಿದ್ದರೆ, ವಿದ್ಯಾರ್ಥಿಯಾಗಿ ಹೊರದೇಶಕ್ಕೆ ಹೋದವರು ಮತ್ತು ಅಂಗವಿಕಲರನ್ನು ಬಿಟ್ಟು ಉಳಿದವರಿಗೆ ವರ್ಷಕ್ಕೆ 3 ಲಕ್ಷ 80 ಸಾವಿರ ಯೆನ್ನಿಗೆ ಕಡಿಮೆಯಿಲ್ಲದಂತೆ ಹಣ ಕಳುಹಿಸಿರಬೇಕು. ಅದೂ ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ. ತಂದೆಯ ಹೆಸರಿಗೆ ಕಳುಹಿಸಿದ ಹಣದಿಂದ ತಾಯಿಯೂ ಉಂಡಳೆಂಬುದು ನಮ್ಮ ಮನೆಗಳಲ್ಲಿ ಹೇಳಬೇಕಾದ ಮಾತೇ ಅಲ್ಲ. ಆದರೆ ತೆರಿಗೆಯ ಕಚೇರಿ ಅದನ್ನು ಒಪ್ಪುವುದಿಲ್ಲ. ಹಳೆಯ ವರ್ಷಗಳಲ್ಲಿ ಈ ವಿನಾಯಿತಿಯನ್ನು ಕೇಳದೆ ಬಿಟ್ಟವರು ಐದು ವರ್ಷದೊಳಗೆ ಕೇಳಿ ಪಡೆಯಬಹುದು.

ಪುರಸಭೆಗೆ ಸಲ್ಲುವ ನಿವಾಸಿ ತೆರಿಗೆಯದು ಇದಕ್ಕೆ ವಿರುದ್ಧವಾದ ರೀತಿ. ಜನವರಿ 1ರಂದು ಯಾರ ವಿಳಾಸ ಆ ಊರಿನಲ್ಲಿದೆಯೋ ಅವರು ಹಿಂದಿನ ವರ್ಷದ ಆದಾಯದ ಮೇಲೆ ಅದನ್ನು ತೆರಬೇಕು. ಕಂತುಗಳು ಆರಂಭವಾಗುವುದೇ ಜೂನ್ ತಿಂಗಳಲ್ಲಿ. ನಡುವೆ ಹೊರಟವನು ಉಳಿದ ಬಾಕಿಯನ್ನು ತೀರಿಸಿಯೇ ಹೋಗಬೇಕಾಗುತ್ತದೆ. ಡಿಸೆಂಬರಿನ ಕೊನೆಯ ವಾರದಲ್ಲಿ ಹೊರಟವನಿಗೂ ಜನವರಿಯ ಮೊದಲ ವಾರದಲ್ಲಿ ಹೊರಟವನಿಗೂ ಒಂದು ವರ್ಷದ ತೆರಿಗೆಯಷ್ಟು ಅಂತರ! ಪಂಚಾಂಗ ನೋಡಿ ಪ್ರಯಾಣ ಹೊರಡುವ ನಮ್ಮವರು ಈ ಒಂದು ತಿಥಿಯನ್ನೂ ನೋಡಿಕೊಂಡರೆ ತಪ್ಪಿಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ದೊಡ್ಡ ಮೊತ್ತವಿರುವುದು ಪಿಂಚಣಿಯ ವಂತಿಗೆಯಲ್ಲಿ. ಜಪಾನಿನ ಕಂಪನಿಗಳಲ್ಲಿ ನೇರವಾಗಿ ನೇಮಕಗೊಂಡ ವಿದೇಶೀಯರೂ ಅಲ್ಲಿಯ ನೌಕರರ ಪಿಂಚಣಿ ಯೋಜನೆಗೆ ಸೇರಲೇಬೇಕು. ವಂತಿಗೆಯ ದರ ಸಂಬಳದ ಶೇಕಡಾ 18.3; ಅದರಲ್ಲಿ ಅರ್ಧ ಮಾಲೀಕನದು, ಅರ್ಧ ನೌಕರನದು. ಹತ್ತು ವರ್ಷ ವಂತಿಗೆ ಕಟ್ಟಿದವರಿಗೆ ಮುಪ್ಪಿನಲ್ಲಿ ಪಿಂಚಣಿ ಬರುತ್ತದೆ. ಮೂರು ವರ್ಷಕ್ಕೋ ಐದು ವರ್ಷಕ್ಕೋ ಮರಳುವ ವಿದೇಶೀಯನಿಗಾಗಿ ಇರುವುದು ‘ದತ್ತಾಯ್ ಇಚಿಜಿಕಿನ್’, ಎಂದರೆ ಯೋಜನೆಯನ್ನು ಬಿಟ್ಟುಹೋಗುವಾಗ ಒಂದೇ ಸಲ ಕೊಡುವ ಮೊತ್ತ. ಕನಿಷ್ಠ ಆರು ತಿಂಗಳ ವಂತಿಗೆ ಸಂದಿರಬೇಕು. ಜಪಾನಿನಲ್ಲಿ ವಿಳಾಸ ಇರಕೂಡದು, ಆದುದರಿಂದ ಹೊರಡುವ ಮುನ್ನ ಪುರಸಭೆಯಲ್ಲಿ ಊರು ಬಿಡುವ ಸೂಚನೆಯನ್ನು ಸಲ್ಲಿಸಿರಬೇಕು. ವಿಳಾಸ ರದ್ದಾದ ಎರಡು ವರ್ಷದೊಳಗೆ ಅರ್ಜಿ ಟೋಕಿಯೋದ ಕಚೇರಿಗೆ ಹೋಗಬೇಕು. ಎರಡು ವರ್ಷ ಕಳೆದರೆ ಆ ದಾರಿ ಮುಚ್ಚಿತು.

ಎಷ್ಟು ಬರುತ್ತದೆ? ತಿಂಗಳಿಗೆ 3 ಲಕ್ಷ ಯೆನ್ ಸಂಬಳದವನೊಬ್ಬ 36 ತಿಂಗಳು ದುಡಿದನೆಂದು ಇಟ್ಟುಕೊಳ್ಳಿ. ಬೋನಸ್ಸಿನ ಮಾತು ಬೇಡ. ಅವನ ಸಂಬಳದಿಂದ ಪಿಂಚಣಿಗೆ ಹೋದದ್ದು ತಿಂಗಳಿಗೆ 27,450 ಯೆನ್ನಿನಂತೆ ಒಟ್ಟು 9,88,200 ಯೆನ್. 36 ತಿಂಗಳಿಗೆ ಗೊತ್ತುಮಾಡಿರುವ ಗುಣಕ 3.3, ಆದ್ದರಿಂದ ಹಿಂದಿರುಗುವುದು 9,90,000 ಯೆನ್. ಅಂದರೆ ಅವನದೇ ಅರ್ಧ ಅವನಿಗೆ ಬಂತು. ಅವನ ಹೆಸರಿನಲ್ಲಿ ಮಾಲೀಕ ಕಟ್ಟಿದ ಇನ್ನರ್ಧ ಅಲ್ಲೇ ಉಳಿಯಿತು. ಗುಣಕವು ಆರು ತಿಂಗಳಿಗೊಮ್ಮೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆಂಬುದೂ ಗಮನಿಸಬೇಕಾದದ್ದು. 41 ತಿಂಗಳು ಕಟ್ಟಿದವನಿಗೂ 36 ತಿಂಗಳಿನ ಮೊತ್ತವೇ. 42 ತುಂಬಿದರೆ ಗುಣಕ 3.8, ಮೊತ್ತ 11,40,000. ಒಂದೇ ತಿಂಗಳ ಅಂತರಕ್ಕೆ ಒಂದೂವರೆ ಲಕ್ಷ ಯೆನ್. ತಿಂಗಳ ಕಡೆಯ ದಿನದಂದು ಕೆಲಸ ಬಿಟ್ಟರೆ ಆ ತಿಂಗಳು ಲೆಕ್ಕಕ್ಕೆ ಸೇರುತ್ತದೆ, ಅದರ ಹಿಂದಿನ ದಿನ ಬಿಟ್ಟರೆ ಸೇರುವುದಿಲ್ಲ. ಈ ಮೆಟ್ಟಿಲುಗಳಿಗೆ ಕೊನೆಯೂ ಉಂಟು. ಹಿಂದೆ 36 ತಿಂಗಳಿಗೇ ನಿಲ್ಲುತ್ತಿದ್ದುದನ್ನು 2021ರ ಏಪ್ರಿಲಿನಲ್ಲಿ 60 ತಿಂಗಳಿಗೆ ವಿಸ್ತರಿಸಿದರು.

ಹಣ ಊರಿನ ಬ್ಯಾಂಕಿಗೆ ಬಂದಾಗ ಅನೇಕರು ಲೆಕ್ಕ ಮುಗಿಯಿತೆಂದು ತಿಳಿಯುತ್ತಾರೆ. ಮುಗಿದಿರುವುದಿಲ್ಲ. ಕೊಡುವ ಮೊದಲೇ ಶೇಕಡಾ 20.42ರಷ್ಟು ತೆರಿಗೆಯನ್ನು ಹಿಡಿದಿರುತ್ತಾರೆ. ಈ ವಿಚಿತ್ರ ಅಂಕಿಗೂ ಒಂದು ಹಿನ್ನೆಲೆಯಿದೆ. ಇಪ್ಪತ್ತು ಎಂಬುದು ಮೂಲ ತೆರಿಗೆ. 2011ರ ಮಾರ್ಚಿಯಲ್ಲಿ ಈಶಾನ್ಯ ಜಪಾನನ್ನು ನಡುಗಿಸಿದ ಭೂಕಂಪ ಮತ್ತು ಕಡಲುಬ್ಬರದ ಬಳಿಕ, ಪುನರ್ನಿರ್ಮಾಣಕ್ಕೆಂದು 2013ರಿಂದ ಹೇರಿದ ಮೇಲ್ತೆರಿಗೆ ಆ ಉಳಿದ ಭಿನ್ನಾಂಶ. ನಮ್ಮ ಉದಾಹರಣೆಯ ನೌಕರನಿಗೆ ಹೀಗೆ ಕಡಿತವಾದದ್ದು 2,02,158 ಯೆನ್. ಕೈಗೆ ಬಂದದ್ದು 7,87,842. ಆದರೆ ಕಾನೂನು ಈ ಮೊತ್ತವನ್ನು ನಿವೃತ್ತಿಯ ಆದಾಯವೆಂದು ಪರಿಗಣಿಸಲು ಅವಕಾಶ ಕೊಡುತ್ತದೆ. ನಿವೃತ್ತಿಯ ಆದಾಯಕ್ಕೆ ಸೇವೆಯ ವರ್ಷವೊಂದಕ್ಕೆ 4 ಲಕ್ಷ ಯೆನ್ ವಿನಾಯಿತಿ. ಮೂರು ವರ್ಷಕ್ಕೆ 12 ಲಕ್ಷವಾಯಿತು. ಬಂದದ್ದು 9 ಲಕ್ಷ 90 ಸಾವಿರ. ತೆರಿಗೆ ಸಲ್ಲಬೇಕಾದದ್ದೇ ಇಲ್ಲ. ಹಿಡಿದದ್ದಷ್ಟನ್ನೂ ಅವರು ಹಿಂದಿರುಗಿಸಬೇಕು, ಆದರೆ ಕೇಳಿದರೆ.

ಕೇಳುವವರು ಯಾರು? ಕೆಲಸಗಾರ ಊರಿನಲ್ಲಿದ್ದಾನೆ. ತೆರಿಗೆಯ ಕಚೇರಿ ಅವನ ಪರವಾಗಿ ಜಪಾನಿನಲ್ಲಿ ವಾಸಿಸುವ ಒಬ್ಬ ಪ್ರತಿನಿಧಿಯನ್ನು ಬಯಸುತ್ತದೆ. ಅವನಿಗೆ ‘ನೋಜೇ ಕನ್ರಿನಿನ್’, ತೆರಿಗೆಯ ಮೇಲ್ವಿಚಾರಕ, ಎಂದು ಹೆಸರು. ಹೆಸರು ಭಾರವಾದರೂ ಅವನು ವಕೀಲನೋ ಲೆಕ್ಕಿಗನೋ ಆಗಿರಬೇಕಾಗಿಲ್ಲ. ಅಲ್ಲಿ ಉಳಿಯುವ ಸಹೋದ್ಯೋಗಿಯಾಗಬಹುದು, ನೆರೆಮನೆಯವನಾಗಬಹುದು. ಕೊನೆಯದಾಗಿ ವಾಸವಿದ್ದ ಪ್ರದೇಶದ ತೆರಿಗೆ ಕಚೇರಿಗೆ ಇಂಥವನನ್ನು ನೇಮಿಸಿದ್ದೇನೆಂಬ ಪತ್ರವನ್ನು ಹೊರಡುವ ಮುನ್ನ ಕೊಡುವುದು ಕ್ರಮ. ಮರೆತು ಬಂದವನು ಊರಿನಿಂದಲೂ ನೇಮಿಸಬಹುದು. ಆದರೆ ಎದುರಿಗಿದ್ದಾಗ ಒಂದು ಸಂಜೆಯ ಚಹದೊಂದಿಗೆ ಕೇಳಬಹುದಾದ ಉಪಕಾರವನ್ನು ಸಾವಿರಾರು ಮೈಲಿಯಾಚೆಯಿಂದ ಕೇಳುವುದು ಎಷ್ಟು ಮುಜುಗರದ ಕೆಲಸವೆಂದು ಹೇಳಬೇಕಾಗಿಲ್ಲ. ಮೊತ್ತ ಮಂಜೂರಾದಾಗ ಊರಿಗೆ ಬರುವ ತೀರ್ಮಾನಪತ್ರದ ಮೂಲಪ್ರತಿಯನ್ನು ಅವನಿಗೆ ಅಂಚೆಯಲ್ಲಿ ಕಳುಹಿಸಬೇಕು. ಅವನು ಲೆಕ್ಕಪತ್ರ ಸಲ್ಲಿಸುತ್ತಾನೆ. ತೆರಿಗೆ ಅವನ ಖಾತೆಗೆ ಮರಳುತ್ತದೆ, ಅವನು ನಿಮಗೆ ಕಳುಹಿಸುತ್ತಾನೆ. ಗಮನಿಸಿ, ಎರಡು ಲಕ್ಷ ಯೆನ್ ಒಂದೆರಡು ದಿನವಾದರೂ ಅವನ ಹಣವಾಗಿರುತ್ತದೆ! ಕಾನೂನಿನ ಈ ಇಡೀ ಕಟ್ಟಡ ಕೊನೆಗೆ ಒಂದು ಸ್ನೇಹದ ಮೇಲೆ ನಿಂತಿದೆ. ಅಂಥ ಸ್ನೇಹಿತನಿಲ್ಲದವರಿಗಾಗಿ ದಲ್ಲಾಳಿ ಸಂಸ್ಥೆಗಳಿವೆ. ಅವು ತಮ್ಮ ಪಾಲನ್ನು ಮುರಿದುಕೊಂಡೇ ಕೊಡುತ್ತವೆ. ಭಾಷೆ ಬಾರದ ಕಾರ್ಖಾನೆಯ ಕೆಲಸಗಾರನಿಗೆ ಅದೇ ಗತಿಯಾಗುವುದು ನನಗಂತೂ ನ್ಯಾಯವೆನಿಸುವುದಿಲ್ಲ. ಪಿಂಚಣಿಯ ಕಚೇರಿಗೂ ತೆರಿಗೆಯ ಕಚೇರಿಗೂ ಸರಕಾರ ಒಂದೇ. ಒಂದು ಕೈ ಹಿಡಿದದ್ದನ್ನು ಇನ್ನೊಂದು ಕೈಗೆ ತಿಳಿಸಲು ಕೆಲಸಗಾರ ಮೂರನೆಯವನೊಬ್ಬನನ್ನು ಹುಡುಕಬೇಕೆ?

ಹಾಗೆಂದು ಜಪಾನೊಂದನ್ನೇ ದೂರುವುದು ಸರಿಯಲ್ಲ. ಅಮೆರಿಕದಲ್ಲಿ ದುಡಿಯುವ ನಮ್ಮ ತಂತ್ರಜ್ಞರ ಸಂಬಳದಿಂದ ಸಾಮಾಜಿಕ ಭದ್ರತೆಗೆಂದು ಶೇಕಡಾ 6.2 ಹೋಗುತ್ತದೆ, ಸಾಮಾನ್ಯವಾಗಿ ಹತ್ತು ವರ್ಷದ ವಂತಿಗೆ ಆಗದೆ ಮರಳಿದವನಿಗೆ ಅದರಲ್ಲಿ ಬಿಡಿಗಾಸೂ ಇಲ್ಲ, ಎರಡು ದೇಶಗಳ ನಡುವೆ ಒಪ್ಪಂದವೂ ಇಲ್ಲ. ನಮ್ಮ ದೇಶವೇನು ಕಡಿಮೆ? 2008ರಲ್ಲಿ ವಿದೇಶೀ ನೌಕರರನ್ನು ಭವಿಷ್ಯನಿಧಿಗೆ ಕಡ್ಡಾಯವಾಗಿ ಸೇರಿಸಿದೆವು. ನಮ್ಮವರಿಗಿರುವ ಸಂಬಳದ ಮಿತಿ ಅವರಿಗಿಲ್ಲ. ಒಪ್ಪಂದವಿಲ್ಲದ ದೇಶದವರು ಆ ಹಣವನ್ನು ಸಾಮಾನ್ಯವಾಗಿ 58 ವರ್ಷ ತುಂಬುವವರೆಗೆ ಪಡೆಯುವಂತಿಲ್ಲವೆಂದು ಬಳಿಕ ಗೊತ್ತುಮಾಡಿದೆವು. ಈ ಭೇದ ಸಂವಿಧಾನಕ್ಕೆ ಒಪ್ಪುವುದಲ್ಲವೆಂದು ಕರ್ನಾಟಕದ ಉಚ್ಚ ನ್ಯಾಯಾಲಯ 2024ರ ಏಪ್ರಿಲಿನಲ್ಲಿ ತೀರ್ಪಿತ್ತಿತು. ದೆಹಲಿಯ ಉಚ್ಚ ನ್ಯಾಯಾಲಯ 2025ರಲ್ಲಿ ಬೇರೆಯ ನಿಲುವನ್ನು ತಳೆಯಿತು.

ಭಾರತ ಮತ್ತು ಜಪಾನುಗಳ ನಡುವೆ ಮಾತ್ರ ಒಪ್ಪಂದವೊಂದು 2012ರಲ್ಲಿ ಸಹಿಯಾಗಿ 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಬೆಂಗಳೂರಿನ ಕಂಪನಿಯೇ ಐದು ವರ್ಷದೊಳಗಿನ ಅವಧಿಗೆ ಕಳುಹಿಸಿದ ನೌಕರ, ಇಲ್ಲಿಯ ಭವಿಷ್ಯನಿಧಿ ಕಚೇರಿಯ ಪ್ರಮಾಣಪತ್ರವನ್ನು ಒಯ್ದರೆ ಅಲ್ಲಿ ಪಿಂಚಣಿಯ ವಂತಿಗೆಯನ್ನೇ ಕಟ್ಟಬೇಕಾಗಿಲ್ಲ. ಬಿಡದಿಯ ಕಾರ್ಖಾನೆಗೆ ಬರುವ ಜಪಾನೀಯನಿಗೂ ಅಂಥದೇ ಅನುಕೂಲ. ಅಲ್ಲಿಯೇ ನೇಮಕಗೊಂಡವನಿಗೆ ಒಪ್ಪಂದದ ಇನ್ನೊಂದು ಮುಖ ಮುಖ್ಯ: ಇಲ್ಲಿಯ ಸೇವೆ, ಅಲ್ಲಿಯ ಸೇವೆ ಎರಡನ್ನೂ ಕೂಡಿ ಹತ್ತು ವರ್ಷವಾದರೆ ಜಪಾನ್ ತನ್ನ ಪಾಲಿನ ಪಿಂಚಣಿಯನ್ನು 65ನೆಯ ವಯಸ್ಸಿನಿಂದ ಕೊಡುತ್ತದೆ. ಒಂದೇ ಸಲದ ಮೊತ್ತವನ್ನು ಪಡೆದುಬಿಟ್ಟವನಿಗೆ ಈ ಹಕ್ಕು ಉಳಿಯದು. ಅರ್ಜಿಗೆ ಮುಂಚಿನ ಎಲ್ಲ ತಿಂಗಳುಗಳೂ, 60ಕ್ಕೆ ಮೀರಿದವು ಕೂಡ, ಅಳಿಸಿಹೋಗುತ್ತವೆ.

ಮೊತ್ತವನ್ನು ಪಡೆಯುವುದು ಮೇಲೋ, ಬಿಡುವುದು ಮೇಲೋ? ಅದೇ ನೌಕರ 36 ತಿಂಗಳಿಗೆ ಪಡೆಯಬಹುದಾದ ಪಿಂಚಣಿ, 2025ರ ದರದಲ್ಲಿ, ವರ್ಷಕ್ಕೆ ಸುಮಾರು 1 ಲಕ್ಷ 21 ಸಾವಿರ ಯೆನ್. ಎಂಟು ವರ್ಷ ಪಡೆದರೆ ಒಂದೇ ಸಲದ ಮೊತ್ತಕ್ಕೆ ಸರಿದೂಗುತ್ತದೆ; 73 ದಾಟಿ ಬದುಕಿದವನಿಗೆ ಮುಂದಿನದೆಲ್ಲ ಲಾಭ, ಏಕೆಂದರೆ ಮಾಲೀಕನ ಅರ್ಧವೂ ಆಗ ಅವನಿಗೆ ಸಲ್ಲುತ್ತದೆ. ಇಪ್ಪತ್ತೇಳರ ತರುಣ ಊರಿಗೆ ಬಂದು ಸಾಲ ತೀರಿಸಬೇಕಾಗಿದ್ದರೆ ಅವನಿಗೆ ಈ ವಾದ ರುಚಿಸಲಾರದು. ರುಚಿಸಬೇಕೆಂದು ನಾನೂ ಹೇಳಲಾರೆ. ನಲವತ್ತೈದು ದಾಟಿದವನು, ಮತ್ತೆ ಜಪಾನಿಗೆ ಹೋಗುವ ಸಂಭವವಿರುವವನು ಮಾತ್ರ ಅವಸರಪಡದಿರುವುದು ಲೇಸು. ಆಲೋಚನೆಗೆ ಎರಡು ವರ್ಷದ ಅವಕಾಶವಂತೂ ಇದ್ದೇ ಇದೆ. ಹಣವನ್ನು ಅಲ್ಲಿಯೇ ಬಿಡಲು ನಿಶ್ಚಯಿಸಿದವನು ತನ್ನ ಪಿಂಚಣಿಯ ಸಂಖ್ಯೆಯನ್ನು ಜೋಪಾನವಾಗಿ ಇಡಬೇಕು. ಮೊದಲು ಅದನ್ನು ಒಂದು ಚಿಕ್ಕ ಕೈಪುಸ್ತಕದಲ್ಲಿ ಬರೆದು ಕೊಡುತ್ತಿದ್ದರು. 2022ರ ಏಪ್ರಿಲಿನಿಂದ ಹೊಸಬರಿಗೆ ಒಂದು ಹಾಳೆಯ ಸೂಚನಾಪತ್ರ ಮಾತ್ರ ಬರುತ್ತದೆ. ಆ ಹಾಳೆಯ ಪ್ರತಿಯೊಂದು ಮನೆಯವರ ಬಳಿಯೂ ಇರಲಿ. ಅರವತ್ತೈದಾದಾಗ ಇಲ್ಲಿಯ ಭವಿಷ್ಯನಿಧಿ ಕಚೇರಿಯ ಮೂಲಕ ಅರ್ಜಿ ಹಾಕುವ ದಿನ ಮೊದಲು ಬೇಕಾಗುವುದು ಆ ಸಂಖ್ಯೆಯೇ.